ಸುಗಂಧ ಮತ್ತು ವ್ಯಕ್ತಿತ್ವ

'ಈ ಸೆಂಟು ದಿಟ್ಟ ಹೆಣ್ಣಿಗೆ, ಆ ಸೆಂಟು ನಾಚಿಕೆಯವಳಿಗೆ' ಎಂದು ಜಾಹೀರಾತುಗಳು ಹೇಳುತ್ತವೆ. ಸೀಸೆಯಲ್ಲಿ ವ್ಯಕ್ತಿತ್ವ ಸಿಗುತ್ತದೆಯೇ? ಹೆಸರಾಂತ ಸುಗಂಧವೊಂದರ ಕಥೆ ಕೇಳಿ.

ಫ್ರಾನ್ಸಿನ ಗೇಬ್ರಿಯಲ್ ಶನೆಲ್ ಎಳೆಯ ವಯಸ್ಸಿನಲ್ಲೇ ತಾಯಿಯನ್ನು ಕಳೆದುಕೊಂಡು ಅನಾಥಾಲಯದಲ್ಲಿ ಬೆಳೆದವರು. ಹೊಲಿಗೆ ಕಲಿತು ಪ್ರಸಿದ್ಧ ವಸ್ತ್ರವಿನ್ಯಾಸಕಿಯಾದರು. ಆ ಕಾಲದ ಮರ್ಯಾದಸ್ಥ ಹೆಂಗಸರು ಯಾವುದಾದರೂ ಒಂದೇ ಹೂವಿನ ಪರಿಮಳ ಪೂಸಿಕೊಳ್ಳುವುದು ವಾಡಿಕೆ. ಶನೆಲ್‌ಗೆ ಅದು ಒಪ್ಪಿಗೆಯಾಗಲಿಲ್ಲ. ಅವರ ಕೋರಿಕೆಯಂತೆ ಅರ್ನೆಸ್ಟ್ ಬೋ ಎಂಬ ತಜ್ಞರು ಮಲ್ಲಿಗೆ, ಗುಲಾಬಿಗಳೊಡನೆ ಆಲ್ಡಿಹೈಡ್ ಎಂಬ ರಾಸಾಯನಿಕಗಳನ್ನು ಬೆರೆಸಿ ಹಲವು ಮಾದರಿಗಳನ್ನು ಮುಂದಿಟ್ಟರು. ಶನೆಲ್ ಆರಿಸಿದ್ದು 5 ಎಂಬ ಸಂಖ್ಯೆಯದನ್ನು. 1921ರಲ್ಲಿ 'ಶನೆಲ್ ನಂಬರ್ 5' ಮಾರಾಟಕ್ಕೆ ಬಂತು. ಅದರಲ್ಲಿ ಯಾವ ಒಂದು ಹೂವೂ ಎದ್ದು ತೋರುವುದಿಲ್ಲ.

ಸುಗಂಧಕ್ಕೆ ಮೂರು ಹಂತಗಳುಂಟು. ಬೇಗ ಆವಿಯಾಗುವ ಅಂಶ ಮೊದಲು ಮೂಗಿಗೆ ಬಡಿದು ನಿಮಿಷಗಳಲ್ಲಿ ಮಾಯವಾಗುತ್ತದೆ. ಅನಂತರ ಹೂಗಳ ಕಂಪು. ಗಂಟೆಗಟ್ಟಲೆ ಉಳಿಯುವುದು ನಿಧಾನವಾಗಿ ಆವಿಯಾಗುವ ಶ್ರೀಗಂಧದೆಣ್ಣೆಯಂಥ ಅಂಶ. ಮೈಸೂರಿನ ಕಾರ್ಖಾನೆಯ ಗಂಧದೆಣ್ಣೆ ಹೊರದೇಶಗಳಲ್ಲಿ ಹೆಸರು ಪಡೆದದ್ದರಲ್ಲಿ ಈ ಗುಣದ ಪಾಲೂ ಇದೆ.

ಮನುಷ್ಯರನ್ನು ಅರಿಯಲೂ ಹೀಗೆಯೇ ಸಮಯ ಬೇಕು. ಶನೆಲ್‌ಗೆ ದಿಟ್ಟತನ ಮೊದಲು ಬಂತು, ಸೀಸೆ ಆಮೇಲೆ. ಕಾಲೇಜಿಗೆ ಹೊರಟ ಹುಡುಗಿ ಸೆಂಟು ಪೂಸಿಕೊಳ್ಳಲಿ, ಮಲ್ಲಿಗೆ ಮುಡಿಯಲಿ, ಎರಡೂ ಬೇಡವೆನ್ನಲಿ, ಅದು ಅವಳ ಇಷ್ಟ. ಅದರಿಂದ ಅವಳ ಗುಣವನ್ನು ಮಾತ್ರ ಅಳೆಯಬೇಡಿ.