ಹಳೆಯ ಪಿಸ್ತೂಲು, ಚರ್ಮದ ಚೀಲ ಮತ್ತು ನಮ್ಮ ನೆನಪು

(ಹಾರ್ನ್‌ಬಿಯಲ್ಲಿ ನಡೆದ ಸಂಘದ ವಾರ್ಷಿಕೋತ್ಸವದ ಭಾಷಣ)



ಆಯುಧಪೂಜೆಯ ದಿನ ಕತ್ತಿ, ಕುಡುಗೋಲು, ಸೈಕಲ್ಲಿಗೆ ಅರಿಶಿನ ಕುಂಕುಮ ಹಚ್ಚಿ ಬೆಳೆದವರು ನಾವು. ಕೊಡಗಿನಲ್ಲಿ ಕೈಲ್‌ಪೊಳ್ದು ಬಂತೆಂದರೆ ಕೋವಿಗೆ ಹೂ ಮುಡಿಸುತ್ತಾರೆ. ಆದರೆ ಕ್ರೈಸ್ಟ್‌ಚರ್ಚಿನಲ್ಲಿ ಬಂದೂಕಿನ ಮಾತನ್ನು ಹಗುರವಾಗಿ ಆಡುವಂತಿಲ್ಲ. 2019ರ ಮಾರ್ಚ್ 15ರಂದು ಈ ಊರಿನ ಎರಡು ಮಸೀದಿಗಳ ಮೇಲೆ ನಡೆದ ದಾಳಿ 51 ಜನರನ್ನು ಬಲಿ ತೆಗೆದುಕೊಂಡಿತು. ಆ ನೋವನ್ನು ಮನಸ್ಸಿನಲ್ಲಿಟ್ಟುಕೊಂಡೇ ಹಳೆಯ ಸೈನಿಕ ಪಿಸ್ತೂಲುಗಳ ಸಂಗ್ರಹದ ಬಗ್ಗೆ ನಾಲ್ಕು ಮಾತು ಹೇಳಬಯಸುತ್ತೇವೆ.

1918ರಲ್ಲಿ ಮೈಸೂರು ಲ್ಯಾನ್ಸರ್ಸ್ ಮತ್ತು ಇಲ್ಲಿನ ಕ್ಯಾಂಟರ್ಬರಿ ಅಶ್ವಸೈನಿಕರು ಪ್ಯಾಲೆಸ್ಟೈನಿನ ಒಂದೇ ರಣರಂಗದಲ್ಲಿದ್ದರು. ಸೆಪ್ಟೆಂಬರ್ 23ರಂದು ಮೈಸೂರು ಮತ್ತು ಜೋಧಪುರದ ಸವಾರರು ಹೈಫಾ ಗೆದ್ದರು. ಎರಡು ದಿನ ಕಳೆದು ನ್ಯೂಜಿಲೆಂಡಿನವರು ಅಮ್ಮಾನ್ ಹಿಡಿದರು. ನಮ್ಮ ಸವಾರರ ಕೈಯಲ್ಲಿ ಭರ್ಜಿಯಿತ್ತು. ಆ ಕಾಲದ ಬ್ರಿಟಿಷ್ ಅಧಿಕಾರಿಯ ಸೊಂಟದಲ್ಲಿ ವೆಬ್ಲಿ ರಿವಾಲ್ವರ್ ಇರುತ್ತಿತ್ತು.

1915ರಲ್ಲಿ ಸೇನೆ ಒಪ್ಪಿಕೊಂಡ ವೆಬ್ಲಿಯ ಆರನೆಯ ಮಾದರಿಗೆ ಆರು ಅಂಗುಲದ ನಳಿಗೆ, ಆರು ಗುಂಡು. ನಳಿಗೆಯನ್ನು ಕೆಳಕ್ಕೆ ಬಗ್ಗಿಸಿದರೆ ಖಾಲಿ ತೋಟಾಗಳೆಲ್ಲ ಒಮ್ಮೆಗೇ ಹೊರಬೀಳುತ್ತವೆ. ಇದರ .455 ತೋಟಾದ ಸೀಸದ ಗುಂಡು ಸುಮಾರು 17 ಗ್ರಾಂ ತೂಗುತ್ತಿತ್ತು. 1898ರಲ್ಲಿ ಮುಂಭಾಗ ಟೊಳ್ಳಾದ ಗುಂಡೊಂದು ಬಂದಿತ್ತು; ಮೈಹೊಕ್ಕು ಅರಳುವ ಗುಂಡುಗಳನ್ನು 1899ರ ಹೇಗ್ ಘೋಷಣೆ ನಿಷೇಧಿಸಿದ ಮೇಲೆ ಸೇನೆ ಅದನ್ನು ಕೈಬಿಟ್ಟಿತು. ಯುದ್ಧಕ್ಕೂ ಒಂದು ಮಿತಿ ಬೇಕೆಂಬ ವಾದ ಇಷ್ಟು ಚಿಕ್ಕ ಸೀಸದ ತುಂಡಿನಲ್ಲೂ ಅಡಗಿದೆ.

ಬಲ್ಲ ಸಂಗ್ರಾಹಕ ಮೊದಲು ನೋಡುವುದು ಮುದ್ರೆಗಳನ್ನು. ತೋಟಾದ ಬುಡದಲ್ಲಿ 'ಸಿ.ಎ.ಸಿ.' ಎಂದಿದ್ದರೆ ಅದು ಆಕ್ಲೆಂಡಿನ ಕಲೋನಿಯಲ್ ಅಮ್ಯುನಿಷನ್ ಕಂಪನಿಯದು, 'ಕೆ.ಎಫ್.' ಎಂದಿದ್ದರೆ ಪುಣೆಯ ಕಿರ್ಕಿ ಕಾರ್ಖಾನೆಯದು. ಸರಕಾರಿ ಬಾಣದ ಗುರುತು 'ಎನ್' ಮತ್ತು 'ಝಡ್' ಅಕ್ಷರಗಳ ನಡುವೆ ಇದ್ದರೆ ನ್ಯೂಜಿಲೆಂಡಿನ ಸೊತ್ತು. ಬಾಣದ ಕೆಳಗೆ 'ಐ' ಇದ್ದರೆ ಭಾರತದ್ದು. ಪಿಸ್ತೂಲಿನ ಚರ್ಮದ ಚೀಲವನ್ನು ಸ್ಯಾಮ್ ಬ್ರೌನ್ ಪಟ್ಟಿಗೆ ತೊಡಿಸುತ್ತಿದ್ದರು. 1858ರಲ್ಲಿ ಭಾರತದ ಕಾಳಗದಲ್ಲಿ ಎಡಗೈ ಕಳೆದುಕೊಂಡ ಅಧಿಕಾರಿಯ ಹೆಸರು ಅದು. ಮುಂದೆ ಚರ್ಮದ ಜಾಗಕ್ಕೆ ದಪ್ಪ ಹತ್ತಿ ಪಟ್ಟಿಯ ಚೀಲಗಳು ಬಂದವು.

ಇಲ್ಲಿ ಪಿಸ್ತೂಲು ಸಂಗ್ರಹಿಸಲು ಬಂದೂಕಿನ ಸಾಮಾನ್ಯ ಪರವಾನಗಿ ಸಾಲದು, ವಿಶೇಷ ಅನುಮತಿಯೂ ಬೇಕು. 2019ರ ಅನಂತರ ಕಾನೂನು ಇನ್ನೂ ಬಿಗಿಯಾಯಿತು. 2023ರಲ್ಲಿ ಬಂದೂಕುಗಳ ನೋಂದಣಿ ಆರಂಭವಾಯಿತು. ಬಿಗಿಯಾದದ್ದು ಒಳ್ಳೆಯದೇ ಎಂದು ನಾವು ಭಾವಿಸುತ್ತೇವೆ. ಇತಿಹಾಸದ ಮೇಲಿನ ಪ್ರೀತಿಗಿಂತ ನೆರೆಮನೆಯವರ ನೆಮ್ಮದಿ ದೊಡ್ಡದು.

ಖಾಲಿ ಚೀಲ, ಪದಕ, ಹಳೆಯ ಪತ್ರ, ಭಾವಚಿತ್ರಗಳನ್ನು ಇಟ್ಟುಕೊಳ್ಳಲು ಬಂದೂಕಿನ ಪರವಾನಗಿ ಬೇಕಿಲ್ಲ. ಆಸಕ್ತಿಯುಳ್ಳ ಯುವಕರು ಅಲ್ಲಿಂದಲೇ ಆರಂಭಿಸಲಿ. ಹತ್ತಿರದ ವಿಗ್ರಾಮ್ ವಾಯುಪಡೆ ವಸ್ತುಸಂಗ್ರಹಾಲಯಕ್ಕೆ ಮಕ್ಕಳನ್ನು ಕರೆದೊಯ್ಯೋಣ. ಹಳೆಯ ಶೆಡ್ಡಿನಲ್ಲಿ ಗುಂಡು ಸಿಕ್ಕರೆ ಮುಟ್ಟದೆ ಪೊಲೀಸರಿಗೆ ತಿಳಿಸೋಣ. ಅಜ್ಜ, ಮುತ್ತಜ್ಜಂದಿರು ಸೇನೆಯಲ್ಲಿದ್ದವರು ಅವರ ಹೆಸರು, ದಳ, ಊರನ್ನು ಈಗಲೇ ಬರೆದಿಡಲಿ. ಕಬ್ಬಿಣಕ್ಕೆ ಎಣ್ಣೆ ಸವರಿದರೆ ತುಕ್ಕು ನಿಲ್ಲುತ್ತದೆ. ನೆನಪಿಗೆ ಬರವಣಿಗೆಯೇ ಎಣ್ಣೆ.

ಸಿರಿಗನ್ನಡಂ ಗೆಲ್ಗೆ.