ನಂಬರು ಕೇಳುವುದೂ ಹಕ್ಕು, ಕನ್ನಡದಲ್ಲಿ ಕೇಳುವುದೂ ಹಕ್ಕು

(ಕನ್ನಡ ಕಾರ್ಯಕರ್ತರ ಸಭೆಯೊಂದರಲ್ಲಿ ಮಾಡಿದ ಭಾಷಣದ ಪಾಠ)



ಇಂಥ ವೇದಿಕೆ ಹತ್ತಿದವರು ಕದಂಬರಿಂದ ಶುರು ಮಾಡಿ ವಿಜಯನಗರಕ್ಕೆ ಬಂದು ನಿಲ್ಲುವುದು ರೂಢಿ. ನಾನು ಅಷ್ಟು ದೂರ ಹೋಗುವುದಿಲ್ಲ. ನಿಮ್ಮ ಅಂಗಿಯ ಜೇಬಿನಲ್ಲಿ, ಸೊಂಟದ ಚೀಲದಲ್ಲಿ ಇರುವ ಒಂದು ಸಣ್ಣ ವಸ್ತುವಿನ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ. ಅದೇ ಮೊಬೈಲು. ನಿಮಗೆ ತುರ್ತಾಗಿ ಒಂದು ನಂಬರು ಬೇಕು. ಆಸ್ಪತ್ರೆಯದೋ, ಬ್ಯಾಂಕಿನದೋ, ಕರೆಂಟು ಆಫೀಸಿನದೋ. ಕಾಸು ಖರ್ಚಿಲ್ಲದೆ, ಮೋಸ ಹೋಗದೆ, ನಮ್ಮ ಭಾಷೆಯಲ್ಲೇ ಅದನ್ನು ಪಡೆಯುವುದು ಹೇಗೆ? ಇದೇನು ಮಹಾ ವಿಷಯ ಎಂದು ನಗಬೇಡಿ. ಈ ಸಣ್ಣ ವಿಷಯದಲ್ಲೇ ನನ್ನ ಭಾವನವರು ಒಂದು ವರ್ಷದ ದುಡಿಮೆ ಕಳೆದುಕೊಂಡರು.

ಭಾವನವರು ಅರಸೀಕೆರೆ ಕಡೆಯ ತೆಂಗಿನ ತೋಟದವರು. ಕೊಬ್ಬರಿ ಮಾರಿದ ಹಣ ಬ್ಯಾಂಕಿನಲ್ಲಿತ್ತು. ಒಂದು ಶನಿವಾರ ಸಂಜೆ ಎಟಿಎಂ ಯಂತ್ರ ಅವರ ಕಾರ್ಡನ್ನು ನುಂಗಿಕೊಂಡಿತು. ಕಾವಲುಗಾರನಿಲ್ಲ, ಬ್ಯಾಂಕಿಗೆ ಬೀಗ. ಪಕ್ಕದ ಅಂಗಡಿಯ ಹುಡುಗ ಉಪಕಾರ ಮಾಡಲೆಂದೇ ಮೊಬೈಲಿನಲ್ಲಿ ಬ್ಯಾಂಕಿನ ಹೆಸರು ಹೊಡೆದು ಒಂದು ನಂಬರು ತೆಗೆದುಕೊಟ್ಟ. ಆ ಕಡೆಯವನು ಹಿಂದಿಯಲ್ಲಿ ನಯವಾಗಿ ಮಾತನಾಡಿದ. ಭಾವನವರಿಗೆ ಬರುವುದು ಅರೆಬರೆ ಹಿಂದಿ. ಹೂಂ ಎನ್ನುತ್ತಾ ಹೋದರು. ಮೊಬೈಲಿಗೆ ಒಂದು ಸಂದೇಶ ಬಂತು, ಅದರಲ್ಲಿದ್ದ ಆರು ಅಂಕಿ ಹೇಳಿ ಎಂದ. ಹೇಳಿದರು. ರಾತ್ರಿ ಎಂಟರೊಳಗೆ ಖಾತೆ ಖಾಲಿ.

ಸೋಮವಾರ ಬ್ಯಾಂಕಿಗೆ ಹೋದರೆ ಅಧಿಕಾರಿ ಏನೆಂದರು ಗೊತ್ತೇ? ‘ಈ ಸಂಖ್ಯೆಯನ್ನು ಯಾರಿಗೂ ಹೇಳಬೇಡಿ ಎಂದು ಸಂದೇಶದಲ್ಲೇ ಬರೆದಿದೆಯಲ್ಲ, ನೀವೇ ಹೇಳಿದ್ದೀರಿ, ನಾವೇನು ಮಾಡೋಣ?’ ನಿಜ. ಬರೆದಿತ್ತು. ಇಂಗ್ಲಿಷಿನಲ್ಲಿ ಬರೆದಿತ್ತು.

ಬಂಧುಗಳೇ, ಬಾವಿಯ ಪಕ್ಕ ‘ಇಲ್ಲಿ ಬಾವಿ ಇದೆ, ಎಚ್ಚರ’ ಎಂದು ಊರಿನವರಿಗೆ ಬಾರದ ಭಾಷೆಯಲ್ಲಿ ಹಲಗೆ ನೆಟ್ಟು, ಬಿದ್ದವನನ್ನೇ ತಪ್ಪಿತಸ್ಥ ಎನ್ನುವ ನ್ಯಾಯ ಇದು. ನಾವು ಭಾಷೆಯ ಪ್ರಶ್ನೆ ಎತ್ತಿದಾಗ ‘ಇದು ಬರೀ ಭಾವನೆಯ ವಿಷಯ, ಹೊಟ್ಟೆಪಾಡಿನದಲ್ಲ’ ಎಂದು ಹಂಗಿಸುವವರಿದ್ದಾರೆ. ಅವರು ಒಮ್ಮೆ ಅರಸೀಕೆರೆಗೆ ಬರಲಿ.

ಅಂದಿನ ೧೯೭

ಹಿರಿಯರಿಗೆ ನೆನಪಿದೆ. ಮನೆಯಲ್ಲಿ, ಅಂಗಡಿಯಲ್ಲಿ ಕಪ್ಪು ದೂರವಾಣಿ ಇದ್ದ ಕಾಲದಲ್ಲಿ ನಂಬರು ಗೊತ್ತಿಲ್ಲದಿದ್ದರೆ ಎರಡು ದಾರಿ ಇದ್ದವು. ಒಂದು, ಇಟ್ಟಿಗೆ ಗಾತ್ರದ ಡೈರೆಕ್ಟರಿ ಪುಸ್ತಕ. ಇನ್ನೊಂದು, ೧೯೭ಕ್ಕೆ ಕರೆ. ಆ ಕಡೆ ಕುಳಿತ ನೌಕರರು ಹೆಸರು, ಬೀದಿ ಕೇಳಿ ನಂಬರು ಹೇಳುತ್ತಿದ್ದರು. ಕಾಯಬೇಕಿತ್ತು, ಕೆಲವೊಮ್ಮೆ ಗದರಿಸಿಕೊಳ್ಳಬೇಕಿತ್ತು. ಆದರೆ ನಂಬರು ಕೊಡುವುದು ಇಲಾಖೆಯ ಕರ್ತವ್ಯ ಎಂಬ ಭಾವನೆ ಇತ್ತು. ಕೊಟ್ಟ ನಂಬರು ಕಳ್ಳನದಾಗಿರುತ್ತಿರಲಿಲ್ಲ.

ಆ ಡೈರೆಕ್ಟರಿ ಪುಸ್ತಕ ಇಂಗ್ಲಿಷಿನಲ್ಲಿರುತ್ತಿತ್ತು ಎಂಬುದನ್ನೂ ಮರೆಯಬೇಡಿ. ಶ್ರೀನಿವಾಸ ಎಂಬವರನ್ನು ಎಲ್ಲಿ ಹುಡುಕುವುದು? ಎಸ್ ಆರ್ ಐ ಎಂದೇ? ಎಸ್ ಎಚ್ ಆರ್ ಐ ಎಂದೇ? ಎಸ್ ಆರ್ ಡಬಲ್ ಇ ಎಂದೇ? ಗೌಡರಲ್ಲಿ ಮಂಡ್ಯದವರದ್ದು ಒಂದು ಸ್ಪೆಲ್ಲಿಂಗು, ಧಾರವಾಡದವರದ್ದು ಇನ್ನೊಂದು. ಕನ್ನಡದಲ್ಲಿ ಬರೆದಿದ್ದರೆ ಶ್ರೀನಿವಾಸನೂ ಒಬ್ಬನೇ, ಗೌಡನೂ ಒಬ್ಬನೇ. ನುಡಿದಂತೆ ಬರೆಯುವ, ಬರೆದಂತೆ ಓದುವ ಲಿಪಿ ಮನೆಯಲ್ಲಿಟ್ಟುಕೊಂಡು, ನಮ್ಮ ಹೆಸರನ್ನೇ ನಾವು ಪರರ ಅಕ್ಷರದಲ್ಲಿ ತಡಕಾಡಿದೆವು. ಇಂದಿಗೂ ಮೊಬೈಲಿನಲ್ಲಿ ತಡಕಾಡುತ್ತಿದ್ದೇವೆ.

ಮೊಬೈಲಿಗೆ ಡೈರೆಕ್ಟರಿ ಏಕಿಲ್ಲ?

೧೯೯೫ರ ಜುಲೈ ೩೧ರಂದು ಕಲ್ಕತ್ತೆಯಿಂದ ಜ್ಯೋತಿ ಬಸು ಅವರು ದೆಹಲಿಯಲ್ಲಿದ್ದ ಕೇಂದ್ರ ಸಚಿವ ಸುಖರಾಂ ಅವರಿಗೆ ಕರೆ ಮಾಡಿದಾಗ ಈ ದೇಶದಲ್ಲಿ ಮೊಬೈಲು ಯುಗ ಶುರುವಾಯಿತು. ಆಮೇಲೆ ಕಂಪನಿಗಳು ಹಳ್ಳಿ ಹಳ್ಳಿಗೆ ಗೋಪುರ ನೆಟ್ಟವು, ಕೋಟಿಗಟ್ಟಲೆ ಸಿಮ್ ಮಾರಿದವು. ಆದರೆ ೧೯೭ರಂತೆ ಎಲ್ಲ ಕಂಪನಿಗಳ ಗ್ರಾಹಕರಿಗೂ ಉತ್ತರ ಹೇಳುವ ಒಂದು ಸಾರ್ವಜನಿಕ ಮೊಬೈಲು ಡೈರೆಕ್ಟರಿ ಬರಲೇ ಇಲ್ಲ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ಡೈರೆಕ್ಟರಿ ಮತ್ತು ವಿಚಾರಣಾ ಸೇವೆಯ ಬಗ್ಗೆ ೨೦೦೫ರಲ್ಲೇ ಶಿಫಾರಸು ಮಾಡಿತ್ತು.

ಎಲ್ಲರ ಖಾಸಗಿ ನಂಬರನ್ನೂ ಬೀದಿಗೆ ಹಾಕಿ ಎಂದು ನಾನು ಹೇಳುತ್ತಿಲ್ಲ. ಹೆಣ್ಣುಮಕ್ಕಳ ನಂಬರು ಕಂಡಕಂಡವರ ಕೈಗೆ ಸಿಗಬಾರದು, ಒಪ್ಪಿಗೆ ಇಲ್ಲದೆ ಯಾರ ನಂಬರೂ ಪಟ್ಟಿಗೆ ಸೇರಬಾರದು. ಆದರೆ ಆಸ್ಪತ್ರೆ, ಬ್ಯಾಂಕು, ಪಂಚಾಯಿತಿ, ಶಾಲೆ, ಪೊಲೀಸ್ ಠಾಣೆಗಳ ನಂಬರಿನಲ್ಲಿ ಯಾವ ಗುಟ್ಟಿದೆ? ಇವುಗಳಿಗೆ ಸರ್ಕಾರದ ಮುದ್ರೆಯಿರುವ ಒಂದು ಪಟ್ಟಿ, ಅದನ್ನು ಕನ್ನಡದಲ್ಲಿ ಓದಿ ಹೇಳುವ ಒಂದು ಪುಕ್ಕಟೆ ಸಂಖ್ಯೆ, ಇಷ್ಟಿದ್ದಿದ್ದರೆ ಭಾವನವರ ಕೊಬ್ಬರಿ ಹಣ ಉಳಿಯುತ್ತಿತ್ತು. ಸರ್ಕಾರ ಬಿಟ್ಟುಕೊಟ್ಟ ಜಾಗದಲ್ಲಿ ಇಂದು ಜಾಹೀರಾತು ಕಂಪನಿಗಳೂ ಕಳ್ಳರೂ ಒಟ್ಟಿಗೆ ಅಂಗಡಿ ತೆರೆದಿದ್ದಾರೆ.

ಪುಕ್ಕಟೆಯ ಒಳಗುಟ್ಟು

ಅಮೆರಿಕದಲ್ಲಿ ನಂಬರು ಕೇಳಲು ೪೧೧ ಎಂಬ ಸಂಖ್ಯೆ ಇದೆ. ಮೊಬೈಲು ಕಂಪನಿಗಳು ಅದಕ್ಕೆ ಹಣ ವಸೂಲಿ ಮಾಡುತ್ತಿದ್ದವು. ೨೦೦೭ರಲ್ಲಿ ಗೂಗಲ್ ಕಂಪನಿ ಅದೇ ಕೆಲಸವನ್ನು ಪುಕ್ಕಟೆಯಾಗಿ ಮಾಡುವ ಒಂದು ನಂಬರು ಕೊಟ್ಟಿತು. ಅಂಗಡಿಯ ಹೆಸರು ಬಾಯಲ್ಲಿ ಹೇಳಿದರೆ ಯಂತ್ರವೇ ಹುಡುಕಿ ಜೋಡಿಸುತ್ತಿತ್ತು. ಜನ ಧರ್ಮಕಾರ್ಯ ಎಂದುಕೊಂಡರು. ಆದರೆ ಯಂತ್ರಕ್ಕೆ ಮಾತು ಕಲಿಸಲು ಜನರ ಧ್ವನಿ ಬೇಕಾಗಿದೆ ಎಂದು ಕಂಪನಿಯವರೇ ಆಗ ಹೇಳಿದ್ದರು. ೨೦೧೦ರಲ್ಲಿ ಆ ಸೇವೆ ಮುಚ್ಚಿತು.

ಇದರಲ್ಲಿ ನಮಗೆ ಎರಡು ಪಾಠ. ಕಂಪನಿ ಕೊಡುವ ಪುಕ್ಕಟೆ ಸೇವೆ ಕಂಪನಿಗೆ ಬೇಕಾದಷ್ಟು ದಿನ ಮಾತ್ರ. ಎರಡನೆಯದು, ಯಾವ ಭಾಷೆಯ ಜನ ಯಂತ್ರದೊಡನೆ ಮಾತನಾಡುತ್ತಾರೋ ಆ ಭಾಷೆಯನ್ನು ಮಾತ್ರ ಯಂತ್ರ ಕಲಿಯುತ್ತದೆ. ೨೦೧೯ರಲ್ಲಿ ಇದೇ ಕಂಪನಿ ಭಾರತದಲ್ಲಿ ಇಂಟರ್‌ನೆಟ್ ಇಲ್ಲದ ಸಾದಾ ಫೋನಿನಿಂದಲೂ ಪುಕ್ಕಟೆ ಕರೆ ಮಾಡಿ ಮಾಹಿತಿ ಕೇಳುವ ಸೇವೆಯನ್ನು ಪ್ರಯೋಗಕ್ಕೆ ತಂದಿತು. ಎಲ್ಲಿ? ಲಖನೌ ಮತ್ತು ಕಾನ್ಪುರದಲ್ಲಿ. ಯಾವ ಭಾಷೆಯಲ್ಲಿ? ಹಿಂದಿ ಮತ್ತು ಇಂಗ್ಲಿಷಿನಲ್ಲಿ. ಬೆಂಗಳೂರನ್ನು ಐಟಿ ರಾಜಧಾನಿ ಎಂದು ಹೊಗಳುವವರಿಗೆ ನಮ್ಮ ಸಾದಾ ಫೋನಿನ ಕನ್ನಡಿಗ ಕಣ್ಣಿಗೆ ಬೀಳಲಿಲ್ಲ.

ಈಗಲೇ ಮಾಡಬಹುದಾದ್ದು

ದೂರುತ್ತಾ ಕುಳಿತರೆ ಹೊಟ್ಟೆ ತುಂಬುವುದಿಲ್ಲ. ಮನೆಗೆ ಹೋದ ಕೂಡಲೇ ಕ್ಯಾಲೆಂಡರಿನ ಮೇಲೆ, ದಪ್ಪ ಅಕ್ಷರದಲ್ಲಿ, ಕನ್ನಡದಲ್ಲಿ ಈ ಪಟ್ಟಿ ಬರೆಯಿರಿ.

ಯಾವುದೇ ಅಪಾಯಕ್ಕೆ ೧೧೨. ಆಂಬುಲೆನ್ಸಿಗೆ ೧೦೮. ಆರೋಗ್ಯದ ಸಲಹೆಗೆ ೧೦೪. ತೊಂದರೆಯಲ್ಲಿರುವ ಮಕ್ಕಳಿಗೆ ೧೦೯೮, ಮಹಿಳೆಯರಿಗೆ ೧೮೧. ಕರೆಂಟು ಹೋದರೆ ೧೯೧೨. ದನಕರುಗಳಿಗೆ ಕಾಯಿಲೆಯಾದರೆ ೧೯೬೨. ಬೆಳೆಯ ವಿಷಯಕ್ಕೆ ಕಿಸಾನ್ ಕಾಲ್ ಸೆಂಟರ್, ೧೮೦೦ ೧೮೦ ೧೫೫೧. ೨೦೦೪ರಲ್ಲಿ ಶುರುವಾದ ಈ ಸೇವೆಯಲ್ಲಿ ಕನ್ನಡವೂ ಇದೆ. ರೈಲಿಗೆ ೧೩೯. ಕೊಂಡ ವಸ್ತುವಿನಲ್ಲಿ ಮೋಸವಾದರೆ ೧೯೧೫. ಮೊಬೈಲಿನಲ್ಲಿ ಹಣ ಕಳ್ಳತನವಾದರೆ ೧೯೩೦. ಈ ಕೊನೆಯದಕ್ಕೆ ಕೆಂಪು ಗೆರೆ ಎಳೆಯಿರಿ. ಹಣ ಹೋದ ಕೂಡಲೇ ಕರೆ ಮಾಡಿದರೆ ಅದು ಕಳ್ಳನ ಕೈ ಸೇರುವ ಮೊದಲೇ ತಡೆಹಿಡಿಯುವ ಅವಕಾಶ ಉಂಟು. ಭಾವನವರಿಗೆ ಈ ನಂಬರು ಗೊತ್ತಿರಲಿಲ್ಲ. ಸೋಮವಾರದವರೆಗೆ ಕಾದರು.

೧೮೦೦ರಿಂದ ಶುರುವಾಗುವ ನಂಬರು ಪುಕ್ಕಟೆ. ೧೮೬೦ರಿಂದ ಶುರುವಾಗುವುದು ಪುಕ್ಕಟೆಯಲ್ಲ, ಸ್ಥಳೀಯ ಕರೆಯ ದರ ಬೀಳುತ್ತದೆ. ಎರಡೂ ಒಂದೇ ಎಂದು ಮೋಸ ಹೋಗಬೇಡಿ.

ಬ್ಯಾಂಕು, ಗ್ಯಾಸು, ವಿಮೆಯ ನಂಬರನ್ನು ಎಂದೂ ಹುಡುಕಿ ತೆಗೆಯಬೇಡಿ. ಪಾಸ್‌ಬುಕ್ಕಿನ ಮೇಲೆ, ಕಾರ್ಡಿನ ಬೆನ್ನ ಮೇಲೆ, ಬಿಲ್ಲಿನ ಮೇಲೆ ಅಚ್ಚಾದ ನಂಬರನ್ನು ಇಂದೇ ಮೊಬೈಲಿನಲ್ಲಿ ಉಳಿಸಿಕೊಳ್ಳಿ. ಹೆಸರನ್ನು ಕನ್ನಡದಲ್ಲೇ ಬರೆದು ಉಳಿಸಿ. ಅಂಗಡಿ, ಹೋಟೆಲು, ವೈದ್ಯರ ವಿಳಾಸ ಹುಡುಕುವುದಾದರೆ ಮೈಕಿನ ಗುರುತು ಒತ್ತಿ ಕನ್ನಡದಲ್ಲೇ ಕೇಳಿ. ಗೂಗಲ್‌ನ ಧ್ವನಿ ಹುಡುಕಾಟ ೨೦೧೭ರ ಆಗಸ್ಟಿನಿಂದ ಕನ್ನಡಕ್ಕೂ ಬಂದಿದೆ. ತಪ್ಪು ಕೇಳಿಸಿಕೊಂಡರೆ ಇನ್ನೊಮ್ಮೆ ಹೇಳಿ. ಇಂಗ್ಲಿಷಿಗೆ ಓಡಬೇಡಿ.

ಇಲ್ಲಿ ನಮ್ಮದೇ ತಪ್ಪನ್ನೂ ಒಪ್ಪಿಕೊಳ್ಳಬೇಕು. ಮೊಬೈಲು ಕಂಪನಿಯ ದೂರು ಕೇಂದ್ರದ ಧ್ವನಿಯಂತ್ರದಲ್ಲಿ ಮೊದಲ ಹಂತದಲ್ಲೇ ಭಾಷೆಯ ಆಯ್ಕೆ ಇರಬೇಕು ಎಂದು ಟ್ರಾಯ್‌ನ ೨೦೧೨ರ ನಿಯಮಾವಳಿ ಹೇಳುತ್ತದೆ. ದೂರು ಕೇಂದ್ರದ ಕರೆ ಪುಕ್ಕಟೆ ಇರಬೇಕು, ದೂರಿಗೆ ಒಂದು ನೋಂದಣಿ ಸಂಖ್ಯೆ ಕೊಡಬೇಕು. ಇಷ್ಟೆಲ್ಲ ಇದ್ದೂ ನಮ್ಮಲ್ಲಿ ಎಷ್ಟು ಜನ ಕನ್ನಡದ ಗುಂಡಿ ಒತ್ತುತ್ತೇವೆ? ಇಂಗ್ಲಿಷು ಒತ್ತಿದರೆ ಬೇಗ ಕೆಲಸವಾಗುತ್ತದೆ ಎಂಬ ಭ್ರಮೆ, ಕನ್ನಡ ಒತ್ತಿದರೆ ಹಳ್ಳಿಯವನೆಂದುಕೊಂಡಾರು ಎಂಬ ನಾಚಿಕೆ. ಕಂಪನಿ ಲೆಕ್ಕ ಹಾಕುವುದು ಒತ್ತಿದ ಗುಂಡಿಯನ್ನು, ನಮ್ಮ ಎದೆಯ ಅಭಿಮಾನವನ್ನಲ್ಲ. ‘ಕನ್ನಡದಲ್ಲಿ ಕೇಳುವವರೇ ಇಲ್ಲ’ ಎಂದು ಅವರು ನಾಳೆ ಕನ್ನಡದ ನೌಕರರನ್ನು ಕಡಿಮೆ ಮಾಡಿದರೆ, ಕೆಲಸ ಹೋಗುವುದು ನಿಮ್ಮ ಮನೆಯ ಹುಡುಗಿಯದೇ. ಅಳುವ ಮಗುವಿಗೇ ಹಾಲು ಸಿಗುವುದು. ನಾವು ಅಳುವುದನ್ನೂ ಬೇರೆ ಭಾಷೆಯಲ್ಲಿ ಅಳುತ್ತಿದ್ದೇವೆ.

ನಮ್ಮ ಬೇಡಿಕೆಗಳು

ಒಂದು: ಕರ್ನಾಟಕದ ಯಾವ ಕಂಪನಿಯ ಮೊಬೈಲಿನಿಂದ ಕರೆ ಮಾಡಿದರೂ ಪುಕ್ಕಟೆಯಾಗಿ ಸಿಗುವ, ಸಾರ್ವಜನಿಕ ಸಂಸ್ಥೆಗಳ ನಂಬರು ಹೇಳುವ ಒಂದೇ ವಿಚಾರಣಾ ಸಂಖ್ಯೆ ಬೇಕು. ಅದರಲ್ಲಿ ಮೊದಲ ದನಿ ಕನ್ನಡದ್ದಾಗಿರಬೇಕು, ಕೊನೆಯಲ್ಲಿ ಮನುಷ್ಯರೊಬ್ಬರು ಮಾತಿಗೆ ಸಿಗಬೇಕು.

ಎರಡು: ಬ್ಯಾಂಕಿನ ಎಚ್ಚರಿಕೆ ಸಂದೇಶ ಕನ್ನಡದಲ್ಲಿ ಬರಬೇಕು. ಸಾಧ್ಯವಿಲ್ಲ ಎನ್ನುವಂತಿಲ್ಲ. ದೇಶದಲ್ಲಿ ಮಾರುವ ಪ್ರತಿ ಮೊಬೈಲಿನಲ್ಲೂ ೨೨ ಭಾರತೀಯ ಭಾಷೆಗಳನ್ನು ಓದುವಂತಿರಬೇಕು ಎಂದು ಕೇಂದ್ರ ಸರ್ಕಾರ ೨೦೧೬ರಲ್ಲೇ ಆದೇಶಿಸಿದೆ. ಅದೇ ಆದೇಶದಲ್ಲಿ ಬರೆಯಲು ಮಾತ್ರ ಇಂಗ್ಲಿಷು, ಹಿಂದಿ ಕಡ್ಡಾಯ, ಜೊತೆಗೆ ಮತ್ತೊಂದು ಭಾಷೆ ಸಾಕು ಎಂದು ಹೇಳಿ ಕನ್ನಡವನ್ನು ‘ಮತ್ತೊಂದು’ ಮಾಡಿದ ಮಲತಾಯಿ ಧೋರಣೆಯನ್ನು ನಾವು ಖಂಡಿಸುತ್ತೇವೆ. ಆದರೂ ಮೊಬೈಲಿಗೆ ಕನ್ನಡ ಓದಲು ಬರುತ್ತದೆ, ಬ್ಯಾಂಕಿಗೆ ಬರೆಯಲು ಬರುವುದಿಲ್ಲವೇ? ಪಾಸ್‌ಬುಕ್ಕು, ಫಾರಂ ಪ್ರಾದೇಶಿಕ ಭಾಷೆಯಲ್ಲೂ ಇರಬೇಕೆಂದು ರಿಸರ್ವ್ ಬ್ಯಾಂಕು ಸುತ್ತೋಲೆಯಲ್ಲಿ ಹೇಳಿದೆ. ಆ ನ್ಯಾಯ ಸಂದೇಶಕ್ಕೂ ಅನ್ವಯಿಸಲಿ.

ಮೂರು: ಕರೆ ಮಾಡಿದವರ ಹೆಸರು ಮೊಬೈಲಿನಲ್ಲಿ ಮೂಡಬೇಕು ಎಂದು ಟ್ರಾಯ್ ೨೦೨೪ರ ಫೆಬ್ರವರಿಯಲ್ಲಿ ಶಿಫಾರಸು ಮಾಡಿದೆ. ಕರ್ನಾಟಕದಲ್ಲಿ ಆ ಹೆಸರು ಕನ್ನಡ ಅಕ್ಷರದಲ್ಲೂ ಮೂಡಲಿ. ಶ್ರೀನಿವಾಸ ಇನ್ನಾದರೂ ಒಬ್ಬನೇ ಆಗಲಿ.

ನಾಲ್ಕು: ಪ್ರತಿ ಗ್ರಾಮ ಪಂಚಾಯಿತಿ, ಪ್ರತಿ ಎಟಿಎಂ ಬಾಗಿಲಲ್ಲಿ ಅಸಲಿ ನಂಬರುಗಳ ಪಟ್ಟಿಯನ್ನು ದೊಡ್ಡ ಕನ್ನಡ ಅಕ್ಷರದಲ್ಲಿ ಬರೆಸಬೇಕು. ಅದಕ್ಕೆ ಬೇಕಾದ್ದು ಒಂದು ಡಬ್ಬಿ ಬಣ್ಣ, ಒಂದು ಕುಂಚ, ಒಂದಿಷ್ಟು ಕಾಳಜಿ.

ಕಾರ್ಯಕರ್ತರಿಗೆ ಕೊನೆಯ ಮಾತು. ಇಂಗ್ಲಿಷ್ ಫಲಕಕ್ಕೆ ಮಸಿ ಬಳಿಯುವುದು ನಮಗೆ ಗೊತ್ತು. ಈ ತಿಂಗಳು ಅದೇ ಕುಂಚ ಹಿಡಿದು ನಿಮ್ಮ ಬೀದಿಯ ಗೋಡೆಯ ಮೇಲೆ, ಮನೆಯವರ ಒಪ್ಪಿಗೆ ಪಡೆದು, ಈ ನಂಬರುಗಳನ್ನು ಬರೆಯಿರಿ. ಕಳೆದ ವಾರ ಭಾವನವರ ಮನೆಗೆ ಹೋಗಿದ್ದೆ. ಕೊಬ್ಬರಿ ತುಂಬುವ ಕೋಣೆಯ ಬಾಗಿಲ ಮೇಲೆ ಸುಣ್ಣದಲ್ಲಿ ೧೯೩೦ ಎಂದು ಅವರೇ ಬರೆದಿದ್ದಾರೆ. ಅದರ ಕೆಳಗೆ ಇನ್ನೊಂದು ಸಾಲು: ‘ಆರು ಅಂಕಿ ಯಾರಿಗೂ ಹೇಳಬೇಡಿ.’ ಬ್ಯಾಂಕು ಕನ್ನಡದಲ್ಲಿ ಬರೆಯಬೇಕಾಗಿದ್ದ ಸಾಲನ್ನು ಕಳೆದುಕೊಂಡವರೇ ಬರೆದುಕೊಂಡಿದ್ದಾರೆ.

ಇನ್ನೊಬ್ಬರು ಕಳೆದುಕೊಂಡ ಮೇಲೆ ಬರೆಯುವಂತಾಗದಿರಲಿ. ನೀವು ಮೊದಲೇ ಬರೆಯಿರಿ.

ಸಿರಿಗನ್ನಡಂ ಗೆಲ್ಗೆ. ಜೈ ಕರ್ನಾಟಕ.