ಸಿನಗಾಗಿನ ಅಡುಗೆಮನೆಯಿಂದ ಆಡಳಿತ ಮಂಡಳಿಗೆ

(ಮಹಿಳಾ ವಿಚಾರಗೋಷ್ಠಿಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಆರಾಧನಾಲಯಗಳನ್ನು ಕಟ್ಟಿಸಿದವರ ಹೆಸರನ್ನು ನಾವು ಗೋಡೆಯ ಶಿಲಾಫಲಕಗಳಲ್ಲಿ ಓದುತ್ತೇವೆ. ಅವುಗಳನ್ನು ದಿನನಿತ್ಯ ನಡೆಸಿಕೊಂಡು ಬಂದವರ ಹೆಸರು ಅಲ್ಲಿರುವುದು ಅಪರೂಪ. ಧಾರ್ಮಿಕ ಸಮುದಾಯಗಳಲ್ಲಿ ಮಹಿಳೆಯರ ಸ್ವಯಂಸೇವೆಯ ಕುರಿತು ಮಾತನಾಡಬೇಕೆಂದು ನಮ್ಮನ್ನು ಕೇಳಿಕೊಳ್ಳಲಾಗಿದೆ. ಈ ವಿಶಾಲ ವಿಷಯದಿಂದ ನಾವು ಒಂದೇ ಒಂದು ನಿದರ್ಶನವನ್ನು ಎತ್ತಿಕೊಂಡಿದ್ದೇವೆ. ಅದು ಅಮೇರಿಕದ ಯಹೂದಿ ಸಮುದಾಯದ 'ಸಿಸ್ಟರ್‌ಹುಡ್', ಅಂದರೆ ಸಿನಗಾಗ್‌ಗೆ ಹೊಂದಿಕೊಂಡಿರುವ ಸಹೋದರಿಯರ ಬಳಗ.

ಯಹೂದಿಗಳೆಂದೊಡನೆ ಇಸ್ರೇಲಿನ ಸರಕಾರ ಮತ್ತು ಸೈನ್ಯಗಳು ಮಾತ್ರ ನೆನಪಾಗುವ ಕಾಲವಿದು. ಒಂದು ರಾಷ್ಟ್ರದ ದೌರ್ಜನ್ಯವನ್ನು ಖಂಡಿಸುವುದು ಬೇರೆ, ಒಂದು ಸಮುದಾಯದ ಒಳಬದುಕನ್ನು ಅರಿಯುವುದು ಬೇರೆ. ಎರಡನ್ನೂ ಬೆರೆಸಿಕೊಂಡರೆ ನಷ್ಟ ನಮ್ಮದೇ.

ಸಾಂಪ್ರದಾಯಿಕ ಯಹೂದಿ ನಿಯಮದಂತೆ ಸಾಮೂಹಿಕ ಪ್ರಾರ್ಥನೆಗೆ ಕನಿಷ್ಠ ಹತ್ತು ಮಂದಿ ವಯಸ್ಕ ಪುರುಷರು ಬೇಕು. ಸ್ತ್ರೀಯರು ಎಷ್ಟೇ ಮಂದಿ ಬಂದಿದ್ದರೂ ಈ ಲೆಕ್ಕದಲ್ಲಿ ಅವರು ಸೇರುವುದಿಲ್ಲ. ಅವರ ಸ್ಥಾನ ಮೇಲಂತಸ್ತಿನಲ್ಲಿ ಅಥವಾ ತೆರೆಯ ಹಿಂದೆ. 19ನೇ ಶತಮಾನದ ನಡುಭಾಗದಲ್ಲಿ ಅಮೇರಿಕದ ಸುಧಾರಣಾವಾದಿ ಸಿನಗಾಗ್‌ಗಳು ಈ ತೆರೆಯನ್ನು ತೆಗೆದವು. 1851ರಲ್ಲಿ ಆಲ್ಬನಿ ನಗರದ ಒಂದು ಸಿನಗಾಗ್‌ನಲ್ಲಿ ಕುಟುಂಬ ಸಮೇತ ಒಂದೇ ಸಾಲಿನಲ್ಲಿ ಕುಳಿತುಕೊಳ್ಳುವ ಪದ್ಧತಿ ಆರಂಭವಾಯಿತು. ಆದರೆ ಪತಿಯ ಪಕ್ಕದಲ್ಲಿ ಆಸನ ದೊರೆತ ಮಾತ್ರಕ್ಕೆ ಆಡಳಿತ ಮಂಡಳಿಯಲ್ಲಿ ಆಸನ ದೊರೆಯಲಿಲ್ಲ. ನಮ್ಮ ಇಂದಿನ ಮಾತೆಲ್ಲ ಈ ಎರಡು ಆಸನಗಳ ನಡುವಣ ಅಂತರದ ಬಗ್ಗೆ.

ಈ ಕಥೆ ಸಿಸ್ಟರ್‌ಹುಡ್‌ಗಿಂತಲೂ ಹಳೆಯದು. ಫಿಲಡೆಲ್ಫಿಯಾದ ರೆಬೆಕ್ಕಾ ಗ್ರಾಟ್ಜ್ ಎಂಬ ಅವಿವಾಹಿತ ಮಹಿಳೆ 1819ರಲ್ಲಿ ತನ್ನ ಸಿನಗಾಗ್‌ನ ಸ್ತ್ರೀಯರನ್ನು ಸೇರಿಸಿ ಬಡ ಯಹೂದಿ ಮಹಿಳೆಯರಿಗಾಗಿ ಒಂದು ಸಹಾಯ ಸಂಘವನ್ನು ಕಟ್ಟಿದರು. ಕಾರಣ ಸರಳವಾಗಿತ್ತು. ಅನ್ನ, ಬಟ್ಟೆ, ಸೌದೆಗಾಗಿ ಬಡ ಯಹೂದಿ ಸ್ತ್ರೀಯರು ಕ್ರೈಸ್ತ ದತ್ತಿ ಸಂಸ್ಥೆಗಳ ಬಾಗಿಲಿಗೆ ಹೋಗಬೇಕಾಗಿತ್ತು. ಅಲ್ಲಿ ನೆರವಿನ ಜೊತೆಗೆ ಮತಪ್ರಚಾರವೂ ದೊರೆಯುತ್ತಿತ್ತು. ಇದನ್ನು ದೂರುತ್ತಾ ಕುಳಿತುಕೊಳ್ಳುವ ಬದಲು ಆ ಮಹಿಳೆಯರು ತಮ್ಮದೇ ವ್ಯವಸ್ಥೆಯನ್ನು ಮಾಡಿಕೊಂಡರು. 1838ರಲ್ಲಿ ಗ್ರಾಟ್ಜ್ ಮಕ್ಕಳ ಧಾರ್ಮಿಕ ಶಿಕ್ಷಣಕ್ಕಾಗಿ ಭಾನುವಾರದ ಶಾಲೆಯನ್ನೂ ತೆರೆದರು. ಅಲ್ಲಿ ಪಾಠ ಹೇಳಿದವರು ಮಹಿಳೆಯರು, ಮೇಲ್ವಿಚಾರಣೆಯೂ ಅವರದೇ. ಧರ್ಮವನ್ನು ಬೋಧಿಸುವ ಹೊಣೆ ಪುರುಷ ವಿದ್ವಾಂಸರಿಗೆ ಮೀಸಲಾಗಿದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ. ದಾನಕ್ಕೆ ಹಿಬ್ರೂ ಭಾಷೆಯಲ್ಲಿ 'ತ್ಸೆದಾಕಾ' ಎನ್ನುತ್ತಾರೆ. ಅದು ನಮ್ಮ 'ಸದಕಾ'ದ ಒಡಹುಟ್ಟಿದ ಪದ.

ಮುಂದೆ ಊರೂರಿನ ಸಿನಗಾಗ್‌ಗಳಲ್ಲಿ ಇಂತಹ ಬಳಗಗಳು ಹುಟ್ಟಿಕೊಂಡವು. 1913ರಲ್ಲಿ ಐವತ್ತಕ್ಕೂ ಹೆಚ್ಚು ಬಳಗಗಳ ಪ್ರತಿನಿಧಿಗಳು ಸಿನ್ಸಿನಾಟಿ ನಗರದಲ್ಲಿ ಸೇರಿ ರಾಷ್ಟ್ರೀಯ ಒಕ್ಕೂಟವೊಂದನ್ನು ರಚಿಸಿದರು. ಅದೇ 'ನ್ಯಾಶನಲ್ ಫೆಡರೇಶನ್ ಆಫ್ ಟೆಂಪಲ್ ಸಿಸ್ಟರ್‌ಹುಡ್ಸ್'. 1993ರಿಂದ ಅದರ ಹೆಸರು 'ವಿಮೆನ್ ಆಫ್ ರಿಫಾರ್ಮ್ ಜುದಾಯಿಸಂ'. ಮೊದಲ ಅಧ್ಯಕ್ಷೆ ಕ್ಯಾರಿ ಸೈಮನ್. ಆದರೆ ಅಂದಿನ ಕಾಗದಪತ್ರಗಳಲ್ಲಿ ಅವರು 'ಶ್ರೀಮತಿ ಏಬ್ರಂ ಸೈಮನ್'. ಏಬ್ರಂ ಎಂಬುದು ಪತಿಯ ಹೆಸರು. ರಾಷ್ಟ್ರಮಟ್ಟದ ಸಂಘಟನೆಯೊಂದನ್ನು ಮುನ್ನಡೆಸಿದ ಮಹಿಳೆಯ ಸ್ವಂತ ಹೆಸರನ್ನು ತಿಳಿಯಲು ಓದುಗ ಬೇರೆಡೆ ಹುಡುಕಬೇಕು! ಅಂದಿನ ಶಿಷ್ಟಾಚಾರವೇ ಹಾಗಿತ್ತು ಎನ್ನಬಹುದು. ಒಪ್ಪೋಣ. ಶಿಷ್ಟಾಚಾರಗಳು ಯಾರ ಹೆಸರನ್ನು ಉಳಿಸುತ್ತವೆ, ಯಾರದನ್ನು ಅಳಿಸುತ್ತವೆ ಎಂಬುದನ್ನೂ ಗಮನಿಸೋಣ.

ಈ ಬಳಗಗಳು ಮಾಡುತ್ತಿದ್ದುದೇನು? ಸಬ್ಬತ್ ಪ್ರಾರ್ಥನೆಯ ನಂತರ ನೆರೆದವರಿಗೆ ಉಪಾಹಾರ ಸಿದ್ಧಪಡಿಸುವುದು, ಧಾರ್ಮಿಕ ಶಾಲೆಯ ಮಕ್ಕಳಿಗೆ ಹಬ್ಬದ ಏರ್ಪಾಡು, ರೋಗಿಗಳ ಭೇಟಿ, ವಲಸೆ ಬಂದ ಬಡವರಿಗೆ ಆಸರೆ, ಪೂಜಾ ಪರಿಕರ ಮತ್ತು ಉಡುಗೊರೆಗಳ ಪುಟ್ಟ ಅಂಗಡಿ, ಪಾಕಪುಸ್ತಕದ ಮಾರಾಟ. ಕೇಳುವಾಗ ಚಿಲ್ಲರೆ ಕೆಲಸವೆನಿಸುತ್ತದೆ. ಆದರೆ ಈ ಚಿಲ್ಲರೆಯ ಲೆಕ್ಕವನ್ನು ಸ್ವಲ್ಪ ಕೂಡಿಸಿ ನೋಡೋಣ.

ಒಕ್ಕೂಟವು 'ಯೂನಿಯನ್‌ಗ್ರಾಮ್' ಎಂಬ ಸಂದೇಶ ಪತ್ರಗಳನ್ನು ಅಚ್ಚು ಹಾಕಿಸಿ ಮಾರುತ್ತಿತ್ತು. ಮದುವೆಗೋ ಜನನಕ್ಕೋ ಶುಭಾಶಯ, ಮರಣಕ್ಕೆ ಸಂತಾಪ. ನೋಟಕ್ಕೆ ತಂತಿ ಸಂದೇಶದಂತಿದ್ದ ಈ ಕಾಗದದ ತುಂಡುಗಳ ಮಾರಾಟದಿಂದ ಬಂದ ಹಣ ವಿದ್ಯಾರ್ಥಿವೇತನಗಳಿಗೆ ಹೋಗುತ್ತಿತ್ತು. ರಬ್ಬಿಗಳನ್ನು, ಅಂದರೆ ಧರ್ಮಗುರುಗಳನ್ನು, ತರಬೇತುಗೊಳಿಸುತ್ತಿದ್ದ ಸಿನ್ಸಿನಾಟಿಯ ಹಿಬ್ರೂ ಯೂನಿಯನ್ ಕಾಲೇಜಿಗೆ 1920ರ ದಶಕದಲ್ಲಿ ವಿದ್ಯಾರ್ಥಿ ನಿಲಯ ಕಟ್ಟಲು ಹಣ ಕೂಡಿಸಿದವರೂ ಇವರೇ. 1931ರಲ್ಲಿ ಅಂಧರಿಗಾಗಿ ಯಹೂದಿ ಬ್ರೈಲ್ ಸಂಸ್ಥೆ ಸ್ಥಾಪನೆಯಾದಾಗ ಅದರ ಬೆನ್ನಿಗೆ ನಿಂತವರೂ ಇವರೇ. ಸಂಪ್ರದಾಯಕ್ಕೆ ಹೆಚ್ಚು ನಿಷ್ಠವಾದ ಕನ್ಸರ್ವೇಟಿವ್ ಪಂಥದಲ್ಲಿ ಮಟಿಲ್ಡಾ ಶೆಕ್ಟರ್ 1918ರಲ್ಲಿ ಬೇರೊಂದು ಮಹಿಳಾ ಲೀಗ್ ಸ್ಥಾಪಿಸಿದರು. ಅದು 1942ರಿಂದ 'ತೋರಾ ನಿಧಿ'ಯ ಮೂಲಕ ನ್ಯೂಯಾರ್ಕಿನ ಧಾರ್ಮಿಕ ವಿದ್ಯಾಪೀಠವನ್ನು ಪೋಷಿಸತೊಡಗಿತು.

ಇಲ್ಲಿ ಒಂದು ಕ್ಷಣ ನಿಲ್ಲೋಣ. ಈ ಹಣದಿಂದ ಓದಿ ರಬ್ಬಿಗಳಾಗಿ ಹೊರಬಂದವರು ಯಾರು? ಪುರುಷರು ಮಾತ್ರ. ತಾಯಂದಿರು ರೊಟ್ಟಿ ಸುಟ್ಟು, ಪತ್ರ ಮಾರಿ ಕೂಡಿಸಿದ ಹಣ ಯಾರದೋ ಗಂಡುಮಕ್ಕಳನ್ನು ವೇದಿಕೆಗೆ ಏರಿಸಿತು, ಅವರ ಸ್ವಂತ ಹೆಣ್ಣುಮಕ್ಕಳಿಗೆ ಮಾತ್ರ ಆ ವೇದಿಕೆ ಮುಚ್ಚಿತ್ತು. 1922ರಲ್ಲಿ ಸುಧಾರಣಾವಾದಿ ರಬ್ಬಿಗಳ ಪರಿಷತ್ತು, ಸ್ತ್ರೀಯರಿಗೆ ಈ ಪದವಿಯನ್ನು ನಿರಾಕರಿಸುವುದು ನ್ಯಾಯವಲ್ಲವೆಂದು ಘೋಷಿಸಿತು. ಮರುವರ್ಷವೇ ಕಾಲೇಜಿನ ಆಡಳಿತ ಮಂಡಳಿಯು ಹಳೆಯ ರೂಢಿಯೇ ಮುಂದುವರಿಯಲೆಂದು ತೀರ್ಮಾನಿಸಿತು. ನ್ಯಾಯವನ್ನು ಘೋಷಿಸುವುದು ಸುಲಭ, ಬಾಗಿಲಿನ ಬೀಗದ ಕೈ ಬೇರೆಯವರ ಕೈಯಲ್ಲಿರುತ್ತದೆ.

ಹಾಗಾದರೆ ಸಿಸ್ಟರ್‌ಹುಡ್ ಎಂಬುದು ಕೇವಲ ಸಂಬಳವಿಲ್ಲದ ದುಡಿಮೆಯಾಗಿತ್ತೇ? ಹಾಗೆ ಹೇಳುವವರಿದ್ದಾರೆ. ನಾವು ಅದನ್ನು ಪೂರ್ಣವಾಗಿ ಒಪ್ಪುವುದಿಲ್ಲ. ಏಕೆಂದರೆ ಆ ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಬೇರೊಂದು ಶಿಕ್ಷಣ ನಡೆಯುತ್ತಿತ್ತು. ಸಭೆ ಕರೆಯುವುದು, ನಡಾವಳಿ ಬರೆಯುವುದು, ಲೆಕ್ಕಪತ್ರ ಒಪ್ಪಿಸುವುದು, ನಿರ್ಣಯ ಮಂಡಿಸಿ ವಾದಿಸುವುದು, ಇವನ್ನೆಲ್ಲ ಮಹಿಳೆಯರು ಅಲ್ಲಿಯೇ ಕಲಿತರು. ವರ್ಷಕ್ಕೊಮ್ಮೆ 'ಸಿಸ್ಟರ್‌ಹುಡ್ ಸಬ್ಬತ್' ಎಂಬ ದಿನ ಪ್ರಾರ್ಥನೆಯನ್ನು ಮುನ್ನಡೆಸುವ, ಪ್ರವಚನ ನೀಡುವ ಅವಕಾಶವೂ ಅನೇಕ ಕಡೆ ಅವರಿಗೆ ದೊರೆಯಿತು. ವರ್ಷಕ್ಕೆ ಒಂದೇ ದಿನ! ಆದರೂ ಸಿನಗಾಗ್‌ನ ವೇದಿಕೆಯಿಂದ ಸ್ತ್ರೀ ಧ್ವನಿಯನ್ನು ಕೇಳಿ ಸಭಿಕರ ಕಿವಿ ಪಳಗಿತು.

1933ರಿಂದ 1976ರವರೆಗೆ ಒಕ್ಕೂಟದ ಕಾರ್ಯನಿರ್ವಾಹಕಿಯಾಗಿದ್ದ ಜೇನ್ ಇವಾನ್ಸ್ ಈ ಶಿಕ್ಷಣದ ಫಲವನ್ನು ಸರಿಯಾದ ಸ್ಥಳದಲ್ಲಿ ಬಳಸಿದರು. 1957ರಲ್ಲಿ ಸುಧಾರಣಾವಾದಿ ಸಿನಗಾಗ್‌ಗಳ ಮಹಾಸಭೆಯಲ್ಲಿ ಅವರು ಸ್ತ್ರೀಯರೂ ರಬ್ಬಿಗಳಾಗಬೇಕೆಂದು ವಾದಿಸಿದರು. ಒಕ್ಕೂಟಕ್ಕೆ ಐವತ್ತು ತುಂಬಿದ 1963ರಲ್ಲಿ ಸ್ವತಃ ಸಿಸ್ಟರ್‌ಹುಡ್‌ನ ಸಮಾವೇಶವೇ ಈ ಪ್ರಶ್ನೆಯನ್ನು ಕೈಗೆತ್ತಿಕೊಳ್ಳಬೇಕೆಂದು ನಿರ್ಣಯದ ಮೂಲಕ ಒತ್ತಾಯಿಸಿತು. ಜರ್ಮನಿಯಲ್ಲಿ ರೆಗೀನಾ ಯೋನಾಸ್ ಎಂಬ ಮಹಿಳೆ 1935ರಲ್ಲಿಯೇ ಈ ದೀಕ್ಷೆ ಪಡೆದಿದ್ದರು, 1944ರಲ್ಲಿ ಆಶ್‌ವಿಟ್ಸ್‌ನಲ್ಲಿ ಅವರ ಕೊಲೆಯಾಯಿತು. ಅಮೇರಿಕದಲ್ಲಿ 1972ರಲ್ಲಿ ಸ್ಯಾಲಿ ಪ್ರೀಸ್ಯಾಂಡ್ ಅದೇ ಹಿಬ್ರೂ ಯೂನಿಯನ್ ಕಾಲೇಜಿನಿಂದ ರಬ್ಬಿಯಾಗಿ ಹೊರಬಂದರು. ಕನ್ಸರ್ವೇಟಿವ್ ಪಂಥದಲ್ಲಿ ಇದಕ್ಕೆ 1985ರವರೆಗೆ ಕಾಯಬೇಕಾಯಿತು. ಕಟ್ಟಾ ಸಂಪ್ರದಾಯಸ್ಥ ಯಹೂದಿಗಳ ಬಹುಭಾಗ ಇಂದಿಗೂ ಇದನ್ನು ಒಪ್ಪುವುದಿಲ್ಲ. ಆದರೆ ಅಲ್ಲಿಯೂ ಮೃತ ಸ್ತ್ರೀಯರ ದೇಹಕ್ಕೆ ಸ್ನಾನ ಮಾಡಿಸಿ ಬಿಳಿ ವಸ್ತ್ರ ತೊಡಿಸುವ ಸೇವೆ ಸ್ತ್ರೀಯರ ಕೈಯಲ್ಲಿಯೇ ಇದೆ. ಪ್ರತಿಫಲವನ್ನು ಮೃತರಿಂದ ನಿರೀಕ್ಷಿಸುವಂತಿಲ್ಲವಾದ್ದರಿಂದ ಅದನ್ನು ಅತ್ಯಂತ ನಿಷ್ಕಲ್ಮಶ ಉಪಕಾರವೆಂದು ಅವರು ಪರಿಗಣಿಸುತ್ತಾರೆ. ಈ ಭಾವನೆ ನಮಗೆ ಅಪರಿಚಿತವಲ್ಲ.

ಇದೆಲ್ಲ ದೂರದ ಕಥೆಯೆಂದು ಯಾರಾದರೂ ಹೇಳಿಯಾರು. ಆದ್ದರಿಂದ ನಮ್ಮ ಶಿವಮೊಗ್ಗದಲ್ಲಿ ಜನಿಸಿದ ಓರ್ವ ಯಹೂದಿ ಮಹಿಳೆಯನ್ನು ನೆನೆಯೋಣ. ಅವರು ಡಾ. ಜೆರುಶಾ ಝಿರಾಡ್, ಕೊಂಕಣ ಕರಾವಳಿ ಮೂಲದ ಬೆನೆ ಇಸ್ರೇಲ್ ಸಮುದಾಯದವರು. ಲಂಡನ್ನಿನಲ್ಲಿ ವೈದ್ಯಕೀಯ ವ್ಯಾಸಂಗ ಮಾಡಿ ಮುಂದೆ ಮುಂಬೈಯ ಕಾಮಾ ಆಸ್ಪತ್ರೆಯ ಮುಖ್ಯಸ್ಥೆಯಾದರು, 1966ರಲ್ಲಿ ಪದ್ಮಶ್ರೀ ಪಡೆದರು. ಲಂಡನ್ನಿನಲ್ಲಿ ಅವರಿಗೆ ಲಿಲಿ ಮಾಂಟೆಗೂ ಎಂಬ ಸುಧಾರಕಿಯ ಪರಿಚಯವಾಯಿತು. ಅದರ ಪ್ರೇರಣೆಯಿಂದ 1925ರಲ್ಲಿ ಮುಂಬೈಯಲ್ಲಿ 'ಜ್ಯೂವಿಶ್ ರಿಲಿಜಿಯಸ್ ಯೂನಿಯನ್' ಸ್ಥಾಪನೆಯಾದಾಗ ಅವರು ಮುಂಚೂಣಿಯಲ್ಲಿದ್ದರು. ಮುಂಬೈಯ ಬೆನೆ ಇಸ್ರೇಲ್ ಮಹಿಳೆಯರಿಗೆ ತಮ್ಮದೇ 'ಸ್ತ್ರೀ ಮಂಡಲ'ವೂ ಇತ್ತು. ಈ ಸಮುದಾಯದಲ್ಲಿ ಪ್ರವಾದಿ ಇಲ್ಯಾಸ್(ಅ)ರ ಸ್ಮರಣೆಯೊಂದಿಗೆ 'ಮಲಿದಾ' ಎಂಬ ಕೃತಜ್ಞತಾ ವಿಧಿ ನಡೆಯುತ್ತದೆ. ಅದಕ್ಕೆ ಬೇಕಾದ ಸಿಹಿ ಅವಲಕ್ಕಿ, ತೆಂಗಿನ ತುರಿ, ಹಣ್ಣುಗಳ ತಟ್ಟೆ ಸಿದ್ಧವಾಗುವುದು ಮನೆಯ ಹೆಂಗಸರ ಕೈಯಲ್ಲಿ. 1948ರ ಬಳಿಕ ಈ ಸಮುದಾಯದ ಬಹುಪಾಲು ಮಂದಿ ಇಸ್ರೇಲಿಗೆ ವಲಸೆ ಹೋದರು. ಮಲಿದಾ ಅವರ ಜೊತೆಗೆ ಹೋಯಿತು.

ಅಮೇರಿಕದ ಸಿಸ್ಟರ್‌ಹುಡ್‌ಗಳ ಪಾಡೇನಾಯಿತು ಎಂದು ಹೇಳಿ ನಮ್ಮ ಮಾತನ್ನು ನಿಲ್ಲಿಸುತ್ತೇವೆ. 2008ರಲ್ಲಿ ಅವರ ಒಕ್ಕೂಟವು ಮಹಿಳಾ ವಿದ್ವಾಂಸರೇ ಬರೆದ ತೌರಾತ್‌ನ ಬೃಹತ್ ವ್ಯಾಖ್ಯಾನವೊಂದನ್ನು ಹೊರತಂದಿತು. ಒಂದು ಕಾಲದಲ್ಲಿ ಸಿನಗಾಗ್‌ನ ಪಾತ್ರೆ ತೊಳೆಯುತ್ತಿದ್ದ ಬಳಗದ ಸಾಧನೆಯಿದು. ಆದರೆ ಅದಕ್ಕೂ ಬಹಳ ಮುಂಚಿನಿಂದಲೇ ಅನೇಕ ಊರುಗಳಲ್ಲಿ ಬಳಗದ ಸದಸ್ಯೆಯರು ವೃದ್ಧರಾಗುತ್ತಾ ಬಂದಿದ್ದರು. ಕಿರಿಯರು ಉದ್ಯೋಗಕ್ಕೆ ಹೋದರು. ಆಡಳಿತ ಮಂಡಳಿಯ ಬಾಗಿಲು ತೆರೆದ ಮೇಲೆ ಸಮರ್ಥರು ಅಲ್ಲಿಗೇ ಹೋದರು, ಪಕ್ಕದ ಕೋಣೆಯಲ್ಲಿ ಪ್ರತ್ಯೇಕ ಸಭೆ ನಡೆಸಲು ಅವರಿಗೆ ಕಾರಣ ಉಳಿಯಲಿಲ್ಲ. ಅಂತಹ ಸಿನಗಾಗ್‌ಗಳಲ್ಲಿ ಸಬ್ಬತ್‌ನ ಉಪಾಹಾರವನ್ನು ಈಗ ಹೊರಗಿನ ಅಡುಗೆಯವರು ತಂದುಕೊಡುತ್ತಾರೆ. ಎಷ್ಟೋ ದಶಕಗಳ ಕಾಲ ಯಾವ ಲೆಕ್ಕದ ಪುಸ್ತಕದಲ್ಲಿಯೂ ಕಾಣದಿದ್ದ ಆ ಊಟಕ್ಕೆ ಈಗ ತಿಂಗಳು ತಿಂಗಳು ಬಿಲ್ಲು ಬರುತ್ತದೆ. ಆಡಳಿತ ಮಂಡಳಿ ಅದನ್ನು ಪಾವತಿಸುತ್ತದೆ.